ಸೊಸೈಟಿಯ ಹಳೆಯ ಸಾಫ್ಟ್‌ವೇರ್: ಬದಲಾಯಿಸುವ ಮುಂಚೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ಪಟ್ಟಣದ ಪತ್ತಿನ ಸಹಕಾರ ಸಂಘ. ಷೇರು, ಠೇವಣಿ, ಪಿಗ್ಮಿ, ಆಭರಣ ಸಾಲ ಎಲ್ಲವೂ 2003ರಲ್ಲಿ ಬರೆಸಿದ ಒಂದೇ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತಿದೆ. ಬರೆದದ್ದು ವಿಷುಯಲ್ ಬೇಸಿಕ್ 6 (ವಿಬಿ6) ಭಾಷೆಯಲ್ಲಿ, ಡೇಟಾ ಇರುವುದು ಆಕ್ಸೆಸ್ ಡೇಟಾಬೇಸಿನಲ್ಲಿ. ಸದಸ್ಯರ ಹೆಸರು, ವಿಳಾಸ ನುಡಿ ಫಾಂಟಿನಲ್ಲಿವೆ. ಬರೆದುಕೊಟ್ಟವರು ಆ ಕೆಲಸವನ್ನೇ ಬಿಟ್ಟಿದ್ದಾರೆ. ಸೋರ್ಸ್ ಕೋಡಿನ (ಪ್ರೋಗ್ರಾಮಿನ ಮೂಲ ಬರಹದ) ಒಂದು ಸಿ.ಡಿ. ಮಾತ್ರ ನಮ್ಮಲ್ಲಿದೆ. ಸರ್ವರ್ ಎಂದು ಇರುವುದು ವಿಂಡೋಸ್ 7ರ ಒಂದು ಕಂಪ್ಯೂಟರ್. ಆಡಳಿತ ಮಂಡಳಿ ರೆಡಿಮೇಡ್ ಕೊಳ್ಳೋಣ ಎನ್ನುತ್ತದೆ. ನಿರ್ದೇಶಕರೊಬ್ಬರ ಮಗ ಹೊಸದಾಗಿ ಬರೆದುಕೊಡುತ್ತೇನೆ ಎನ್ನುತ್ತಾರೆ. ಸಿಬ್ಬಂದಿಗೆ ಇದೇ ಸಾಕು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರದ್ದೂ ಬೇಡ. ಕೊಳ್ಳುವುದೋ ಬರೆಸುವುದೋ ಎಂಬ ತೀರ್ಮಾನಕ್ಕೆ ಇನ್ನೂ ಸಮಯವಿದೆ. ಅದಕ್ಕೂ ಮೊದಲು ಎರಡು ವಸ್ತು ನಿಮ್ಮ ಕೈಗೆ ಬರಬೇಕು. ಒಂದು, ನಿಮ್ಮ ಡೇಟಾ, ಬೇರೆಯವರೂ ಓದಬಹುದಾದ ರೂಪದಲ್ಲಿ. ಇನ್ನೊಂದು, ಆ ಪ್ರೋಗ್ರಾಂ ಒಳಗೆ ಅಡಗಿರುವ ಲೆಕ್ಕದ ನಿಯಮಗಳು, ಕಾಗದದ ಮೇಲೆ. ಇವೆರಡೂ ಇದ್ದರೆ ಮುಂದೆ ಯಾವ ದಾರಿ ಹಿಡಿದರೂ ನಡೆಯುತ್ತದೆ. ಇವಿಲ್ಲದೆ ಎಷ್ಟು ದುಡ್ಡು ಸುರಿದರೂ ಹೊಸ ಸಾಫ್ಟ್‌ವೇರ್ ನಿಮ್ಮ ಸಂಘದ್ದಾಗುವುದಿಲ್ಲ.

ಮೊದಲು ಒಂದು ಭಯ ಬಿಡಿ. ವಿಬಿ6 ಹಳತಾಯಿತು, ನಾಳೆ ನಿಂತೇ ಹೋಗುತ್ತದೆ ಎಂದು ಮಾರಾಟಗಾರರು ಹೆದರಿಸುತ್ತಾರೆ. ವಿಬಿ6ರಲ್ಲಿ ಪ್ರೋಗ್ರಾಂ ಬರೆಯುವ ಉಪಕರಣಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರ ಏಪ್ರಿಲ್‌ನಲ್ಲಿ. ಆದರೆ ಬರೆದು ಮುಗಿದ ಪ್ರೋಗ್ರಾಂ ಓಡಲು ಬೇಕಾದ ರನ್‌ಟೈಮ್ ವಿಂಡೋಸ್ 11ರಲ್ಲೂ ಇದೆ. ವಿಂಡೋಸ್ 11 ಪೂರ್ತಿ 64 ಬಿಟ್ ಆದರೂ 32 ಬಿಟ್ ಪ್ರೋಗ್ರಾಂಗಳನ್ನು ಓಡಿಸುತ್ತದೆ. ಪಕ್ಕದ ಊರಿನ ಸೊಸೈಟಿಯಲ್ಲಿ ಡಾಸ್ ಕಾಲದ ಕ್ಲಿಪ್ಪರ್ ಪ್ರೋಗ್ರಾಂ ಇದ್ದರೆ ಅವರ ಕಥೆ ಬೇರೆ. ಅದು 16 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೇ ಇಲ್ಲ. ನಿಮಗೆ ಆ ತೊಂದರೆ ಇಲ್ಲ.

ನಿಜವಾಗಿ ಹೆದರಬೇಕಾದದ್ದು ಆ ವಿಂಡೋಸ್ 7 ಕಂಪ್ಯೂಟರಿಗೆ. ಅದಕ್ಕೆ ಭದ್ರತಾ ತಿದ್ದುಪಡಿ ಬರುವುದು 2020ರ ಜನವರಿ 14ಕ್ಕೇ ನಿಂತಿದೆ. ಅದರೊಳಗಿನ ಹಾರ್ಡ್ ಡಿಸ್ಕಿಗೆ ಎಷ್ಟು ವಯಸ್ಸು ಅಂತ ಒಮ್ಮೆ ನೋಡಿ. ಜೊತೆಗೆ ಆಕ್ಸೆಸ್ ಫೈಲನ್ನು ನಾಲ್ಕಾರು ಕೌಂಟರಿನಿಂದ ನೆಟ್‌ವರ್ಕ್ ಮೂಲಕ ಒಟ್ಟಿಗೆ ತೆರೆದಿರುತ್ತೀರಿ. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ, ಕೇಬಲ್ ಸಡಿಲವಾದರೆ ಫೈಲ್ ಕೆಡುತ್ತದೆ. ಮಲೆನಾಡಿನ ಮಳೆಗಾಲದ ಕರೆಂಟಿನ ಬಗ್ಗೆ ನಿಮಗೆ ನಾನು ಹೇಳಬೇಕಾ! ಆ ಫೈಲ್ 2 ಜಿಬಿ ದಾಟುವಂತಿಲ್ಲ ಎಂಬುದೂ ನೆನಪಿರಲಿ. ಈಗ ಎಷ್ಟಿದೆ ನೋಡಿ. ಹತ್ತಿರ ಬಂದಿದ್ದರೆ ನಿಮ್ಮ ಗಡುವು ಅದೇ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರ ಇನ್ನೂ ಯಾವುದಾದರೂ ಕೌಂಟರಿನಲ್ಲಿದ್ದರೆ, ಅದು ಹೊಸ ಕಂಪ್ಯೂಟರಿನ ಜೊತೆ ಫೈಲ್ ಹಂಚಿಕೊಳ್ಳುವುದಿಲ್ಲ. ಆಗ ಅಂಗಡಿಯ ಹುಡುಗ ಬಂದು ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆ ವ್ಯವಸ್ಥೆಯನ್ನು ಆನ್ ಮಾಡಿಕೊಟ್ಟು ಹೋಗುತ್ತಾನೆ. ಕೆಲಸ ಆಗುತ್ತದೆ. ಆದರೆ 2017ರ ಮೇ ತಿಂಗಳಲ್ಲಿ ಜಗತ್ತಿನ ಆಸ್ಪತ್ರೆ, ಕಚೇರಿಗಳನ್ನೆಲ್ಲ ಕಾಡಿದ ವಾನಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಅದೇ ಬಾಗಿಲಿನಿಂದ. ಆ ವರ್ಷದ ಕೊನೆಯಿಂದ ಬಂದ ವಿಂಡೋಸ್ 10ರಲ್ಲಿ ಅದನ್ನು ಮೊದಲೇ ಹಾಕಿರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಆನ್ ಮಾಡಿದ್ದಾರಾ ಅಂತ ವಿಚಾರಿಸಿ.

ಈ ವಾರವೇ ಮಾಡಬೇಕಾದ ಕೆಲಸ ಇದು. ವಹಿವಾಟು ಮುಗಿದ ಮೇಲೆ ಎಲ್ಲ ಕೌಂಟರ್ ಮುಚ್ಚಿಸಿ, ಎಂಡಿಬಿ ಫೈಲಿನ (ಅದೇ ನಿಮ್ಮ ಆಕ್ಸೆಸ್ ಡೇಟಾಬೇಸ್) ಪ್ರತಿ ತೆಗೆಯಿರಿ. ಒಂದು ಸಂಘದಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ಪೆನ್‌ಡ್ರೈವ್ ಕಾರ್ಯದರ್ಶಿಗಳ ಜೇಬಿನಲ್ಲಿದ್ದರೆ ಅದನ್ನು ಬ್ಯಾಕಪ್ ಅನ್ನಲಾಗದು. ಆಮೇಲೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಪ್ರೋಗ್ರಾಂ ಓಡಿಸಿ, ನಿನ್ನೆಯ ತಾಳೆಪಟ್ಟಿ ತೆಗೆದು ನೋಡಿ. ಪೈಸೆ ಸಮೇತ ತಾಳೆಯಾದರೆ ಮಾತ್ರ ಬ್ಯಾಕಪ್ ಇದೆ ಎಂದು ಬರೆದುಕೊಳ್ಳಿ. ವರ್ಷಗಟ್ಟಲೆ ಬ್ಯಾಕಪ್ ತೆಗೆದು ಒಮ್ಮೆಯೂ ತೆರೆದು ನೋಡದ ಸಂಘಗಳೇ ಜಾಸ್ತಿ.

ನಂತರ ಆ ಇಡೀ ವಿಂಡೋಸ್ 7 ಯಂತ್ರವನ್ನೇ ಒಂದು ಫೈಲಾಗಿ ಮಾಡಿಸಿ. ಡಿಸ್ಕ್‌ಟುವಿಎಚ್‌ಡಿ ಎಂಬ ಮೈಕ್ರೋಸಾಫ್ಟಿನ ಉಚಿತ ಉಪಕರಣ ಇದಕ್ಕೆಂದೇ ಇದೆ. ಆ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ಹೈಪರ್-ವಿ ಅಥವಾ ವರ್ಚುವಲ್‌ಬಾಕ್ಸ್ ಎಂಬ, ಕಂಪ್ಯೂಟರಿನೊಳಗೆ ಇನ್ನೊಂದು (ವರ್ಚುವಲ್) ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಒಳಗೆ ಓಡಿಸಬಹುದು. ಹಳೆಯ ಡಿಸ್ಕ್ ಸತ್ತರೂ ಸಂಘ ಮರುದಿನ ಬಾಗಿಲು ತೆರೆಯುತ್ತದೆ. ಪ್ರೋಗ್ರಾಂ ಜೊತೆಗೆ ಬಂದ ಒಸಿಎಕ್ಸ್ ಎಂಬ ಸಹಾಯಕ ಫೈಲುಗಳು, ವರದಿ ಮುದ್ರಿಸುವ ಕ್ರಿಸ್ಟಲ್ ರಿಪೋರ್ಟ್ಸ್, ಫಾಂಟುಗಳು ಎಲ್ಲವೂ ಅದರೊಳಗೆ ಇದ್ದಲ್ಲೇ ಇರುತ್ತವೆ. ಇದಕ್ಕೆ ಇಂಟರ್‌ನೆಟ್ ಕೊಡಬೇಡಿ. ಪ್ರೋಗ್ರಾಂಗೆ ಡಾಂಗಲ್ (ನಕಲು ತಡೆಯಲು ಚುಚ್ಚುವ ಸಣ್ಣ ಸಾಧನ) ಇದ್ದರೆ, ಅದೂ ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಹಳೆಯ ಬಗೆಯದ್ದಾದರೆ, ಮೊದಲೇ ಪರೀಕ್ಷೆ ಮಾಡಿಸಿ. ಎಷ್ಟೋ ಕಡೆ ಇದೊಂದೇ ಕಾರಣಕ್ಕೆ ಕೆಲಸ ನಿಲ್ಲುತ್ತದೆ.

ಆಮೇಲೆ ಆ ಸಿ.ಡಿ. ಸೋರ್ಸ್ ಕೋಡ್ ಇದೆ ಎಂದು ನೀವು ನಂಬಿದ್ದೀರಿ. 2003ರ ಸಿ.ಡಿ. ಓದಲು ಬರುತ್ತದೆಯೇ, ಅದರಲ್ಲಿರುವುದು ನೀವು ಇವತ್ತು ಓಡಿಸುತ್ತಿರುವ ಪ್ರೋಗ್ರಾಮಿನದ್ದೇ ಕೋಡೇ ಎಂದು ಯಾರೂ ನೋಡಿರಲಿಕ್ಕಿಲ್ಲ. ಸಾಮಾನ್ಯವಾಗಿ ಆಗುವುದೇನೆಂದರೆ, ಸಿ.ಡಿ. ಮೊದಲ ವರ್ಷದ್ದು. ಆಮೇಲೆ ಬರೆದವರು ಬಂದು ತಮ್ಮ ಲ್ಯಾಪ್‌ಟಾಪಿನಲ್ಲಿ ತಿದ್ದಿ, ಹೊಸ ಇಎಕ್ಸ್‌ಇ (ಓಡುವ ಪ್ರೋಗ್ರಾಂ ಫೈಲ್) ಮಾತ್ರ ಹಾಕಿ ಹೋಗಿರುತ್ತಾರೆ. ವಿಬಿ6 ಬಲ್ಲವರೊಬ್ಬರನ್ನು ಎರಡು ದಿನ ಕರೆಸಿ, ಆ ಕೋಡಿನಿಂದ ಪ್ರೋಗ್ರಾಂ ಕಟ್ಟಿಸಿ, ಎರಡನ್ನೂ ಅಕ್ಕಪಕ್ಕ ಓಡಿಸಿ. ಒಂದೇ ಫಲಿತಾಂಶ ಬಂತೇ? ನಿಮ್ಮ ಹತ್ತಿರ ದೊಡ್ಡ ಆಸ್ತಿ ಇದೆ. ಬರಲಿಲ್ಲವೇ? ಹಳೆಯವರನ್ನು ಈಗಲೇ ಹುಡುಕಿ, ಕಾಫಿಗೆ ಕರೆಯಿರಿ. ಕೆಲಸ ಬಿಟ್ಟಿರಬಹುದು, ಹಾರ್ಡ್ ಡಿಸ್ಕ್ ಬಿಸಾಡಿರಲಿಕ್ಕಿಲ್ಲ. ಅವರು ಕೊಡುವ ಒಂದು ದಿನದ ಸಮಯಕ್ಕೆ ಒಳ್ಳೆಯ ಸಂಭಾವನೆಯನ್ನೇ ಕೊಡಿ.

ಈಗ ನಿರ್ದೇಶಕರ ಮಗನ ವಿಚಾರ. ಹುಡುಗರು ಹಳೆಯ ಕೋಡ್ ನೋಡಿದ ಕೂಡಲೇ ಹೊಸದಾಗಿ ಬರೆಯೋಣ ಅನ್ನುತ್ತಾರೆ. ಓದುವುದಕ್ಕಿಂತ ಬರೆಯುವುದು ಸುಲಭ, ಅಲ್ವಾ? ನೆಟ್‌ಸ್ಕೇಪ್ ಕಂಪನಿ ಹೀಗೇ ಮಾಡಿತು. ಅದರ ನಾಲ್ಕನೇ ಬ್ರೌಸರ್ ಬಂದದ್ದು 1997ರಲ್ಲಿ. ಮರುವರ್ಷ ಹಳೆಯ ಕೋಡನ್ನು ಬದಿಗಿಟ್ಟು ಹೊಸದಾಗಿ ಬರೆಯಲು ಹೊರಟರು. ಆರನೆಯದು ಹೊರಬರುವಾಗ 2000ದ ನವೆಂಬರ್. ಐದನೆಯದು ಬರಲೇ ಇಲ್ಲ. ಅಷ್ಟರಲ್ಲಿ ಜನ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಹೋಗಿಯಾಗಿತ್ತು. ಆ ಹೊಸ ಕೋಡಿನಿಂದಲೇ ಮುಂದೆ ಫೈರ್‌ಫಾಕ್ಸ್ ಹುಟ್ಟಿತು, ಹಾಗಾಗಿ ಎಲ್ಲ ವ್ಯರ್ಥವಾಯಿತು ಎನ್ನಲಾರೆ. ಆದರೆ ನೆಟ್‌ಸ್ಕೇಪ್ ಉಳಿಯಲಿಲ್ಲ.

ಹುಡುಗನಿಗೆ ಕೌಶಲ ಇಲ್ಲ ಎಂದಲ್ಲ. ಪರದೆಗಳನ್ನು ಆತ ಬೇಗ ಮಾಡುತ್ತಾನೆ, ಚೆಂದವಾಗಿಯೂ ಮಾಡುತ್ತಾನೆ. ಎಡವುವುದು ಲೆಕ್ಕದಲ್ಲಿ. ಇಪ್ಪತ್ತು ವರ್ಷದಲ್ಲಿ ಲೆಕ್ಕಪರಿಶೋಧಕರ ಆಕ್ಷೇಪ, ಮಹಾಸಭೆಯ ಠರಾವು, ಬೈಲಾ ತಿದ್ದುಪಡಿ, ಹಿಂದಿನ ಅಧ್ಯಕ್ಷರ ಬಾಯಿಮಾತು ಎಲ್ಲ ಸೇರಿ ಆ ಕೋಡ್ ಹಾಗಾಗಿದೆ. ಬೇರೆಲ್ಲೂ ಬರೆದಿಲ್ಲದ ನಿಯಮ ಅಲ್ಲಿದೆ. ಕೆಲವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲೇ ಹೆಚ್ಚಿನವರು ಬೀಳುವುದು.

ಪೂರ್ಣ ರೂಪಾಯಿಗೆ ತರುವುದನ್ನೇ ತೆಗೆದುಕೊಳ್ಳಿ. ಬಡ್ಡಿ 12 ರೂಪಾಯಿ 50 ಪೈಸೆ ಬಂತು. ವಿಬಿ6ರ ರೌಂಡ್ ಫಂಕ್ಷನ್ ಅದನ್ನು 12 ಮಾಡುತ್ತದೆ. 13 ರೂಪಾಯಿ 50 ಪೈಸೆಯನ್ನು 14 ಮಾಡುತ್ತದೆ. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ಪದ್ಧತಿ. ಮೈಕ್ರೋಸಾಫ್ಟಿನ ದೊಡ್ಡ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರಿನ ರೌಂಡ್ ಹಾಗಲ್ಲ, ಅದು 12.50ನ್ನು 13 ಮಾಡುತ್ತದೆ. ವಿಬಿ6ರಲ್ಲೇ ಫಾರ್ಮ್ಯಾಟ್ ಎಂಬ ಇನ್ನೊಂದು ಫಂಕ್ಷನ್ ಇದೆ, ಅದೂ 13 ಮಾಡುತ್ತದೆ. ಅಂದರೆ ಒಂದೇ ಪ್ರೋಗ್ರಾಮಿನಲ್ಲಿ ಪರದೆ ಮೇಲೆ 13, ಖಾತೆಗೆ ಹೋದದ್ದು 12 ಇರಲು ಸಾಧ್ಯ. ಹೊಸದಾಗಿ ಬರೆಯುವವನಿಗೆ ಇದು ಗೊತ್ತಿಲ್ಲದಿದ್ದರೆ ವರ್ಷದ ಕೊನೆಗೆ ನೂರಾರು ಖಾತೆಯಲ್ಲಿ ಒಂದೊಂದು ರೂಪಾಯಿ ವ್ಯತ್ಯಾಸ. ದುಡ್ಡು ಸಣ್ಣದೇ. ಆದರೆ ತಾಳೆಪಟ್ಟಿ ಹೊಂದುವುದಿಲ್ಲ, ಯಾಕೆ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಹಳೆಯ ಪ್ರೋಗ್ರಾಂ ಕರೆನ್ಸಿ ಎಂಬ ಬಗೆಯಲ್ಲಿ ನಾಲ್ಕು ದಶಮಾಂಶಕ್ಕೆ ಲೆಕ್ಕ ಇಟ್ಟಿದ್ದು, ಹೊಸದು ಡಬಲ್ ಎಂಬ ಅಂದಾಜಿನ ದಶಮಾಂಶದ ಬಗೆ ಬಳಸಿದರೂ ಇದೇ ಗತಿ.

ತಾರೀಖು ಇದಕ್ಕಿಂತ ಕಷ್ಟ. ನಿಮ್ಮ ಸಿಬ್ಬಂದಿ ಮುದ್ದತಿ ಠೇವಣಿಯ ಅವಧಿ ಮುಗಿಯುವ ದಿನವನ್ನು 15/06/30 ಎಂದು ಟೈಪ್ ಮಾಡುತ್ತಾರೆಯೇ? ವಿಬಿ6ರಂಥ ಹಳೆಯ ಪ್ರೋಗ್ರಾಂಗಳು ಸಾಮಾನ್ಯವಾಗಿ 29ರವರೆಗಿನ ಎರಡಂಕಿ ವರ್ಷವನ್ನು 2000ದಿಂದ 2029ರ ನಡುವಿನದು ಎಂದು ಓದುತ್ತವೆ. 30 ಬಂದರೆ 1930! ಎಸ್‌ಕ್ಯೂಎಲ್ ಸರ್ವರ್ ಅದನ್ನೇ 2030 ಎಂದು ಓದುತ್ತದೆ, ಅದರ ಗಡಿ 49. ಐದು ವರ್ಷದ ಠೇವಣಿ ಇಡುವವರಿಗೆ ಈ ಸಮಸ್ಯೆ ಈಗಾಗಲೇ ಬಂದಿದೆ. ಸ್ವಾತಂತ್ರ್ಯಕ್ಕೂ ಮುಂಚೆ ಅವಧಿ ಮುಗಿದ ಠೇವಣಿಗಳು ಇವೆಯೇ ಅಂತ ಇವತ್ತೇ ಒಂದು ಪಟ್ಟಿ ತೆಗೆಸಿ. ಸಿಕ್ಕರೆ ಆಶ್ಚರ್ಯಪಡಬೇಡಿ.

ಇನ್ನೊಂದು ಬಗೆಯ ತಾರೀಖಿನ ತಪ್ಪು ಇದಕ್ಕಿಂತ ಕಿಲಾಡಿ. ಆಕ್ಸೆಸ್‌ನಲ್ಲಿ ಕ್ವೆರಿ (ಡೇಟಾ ಹುಡುಕುವ ಆದೇಶ) ಬರೆಯುವಾಗ ತಾರೀಖನ್ನು ನೇರವಾಗಿ ಬರೆದರೆ ಅದು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ಎಂದು ಓದುತ್ತದೆ. 05/06 ಅಂದರೆ ಮೇ 6. ಆದರೆ 15/06 ಕೊಟ್ಟರೆ ಹದಿನೈದನೇ ತಿಂಗಳು ಇಲ್ಲವಲ್ಲ, ಹಾಗಾಗಿ ಸುಮ್ನೆ ಜೂನ್ 15 ಎಂದುಕೊಳ್ಳುತ್ತದೆ. ದೂರು ಕೊಡುವುದಿಲ್ಲ. ಪರಿಣಾಮವಾಗಿ ತಿಂಗಳ 13ರಿಂದ ಕೊನೆಯವರೆಗೆ ವರದಿ ಸರಿ, 1ರಿಂದ 12ರವರೆಗೆ ತಪ್ಪು. "ನಿನ್ನೆ ಸರಿ ಬಂದಿತ್ತು ಸಾರ್" ಎಂದು ಕ್ಯಾಷಿಯರ್ ಹೇಳುವುದು ಸುಳ್ಳಲ್ಲ. ಹೊಸ ಕಂಪ್ಯೂಟರ್ ತಂದಾಗಲೂ ಎಚ್ಚರ. ಅದರ ಪ್ರದೇಶದ ಸೆಟ್ಟಿಂಗ್ ಎಷ್ಟೋ ಸಲ ಅಮೆರಿಕದ್ದೇ ಆಗಿರುತ್ತದೆ. ಪ್ರೋಗ್ರಾಂ ಹಾಕುವ ಮುಂಚೆ ಇಂಡಿಯಾ ಮಾಡಿ.

ಬಡ್ಡಿಯ ಪದ್ಧತಿ ನೋಡಿ. ಉಳಿತಾಯ ಖಾತೆಗೆ ದಿನದ ಬಾಕಿಯ ಮೇಲೆ ಬಡ್ಡಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ಬ್ಯಾಂಕುಗಳಲ್ಲಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದಕ್ಕೂ ಮೊದಲು ತಿಂಗಳ 10ರಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಯ ಮೇಲೆ ಕೊಡುತ್ತಿದ್ದರು. 2003ರಲ್ಲಿ ನಿಮ್ಮ ಪ್ರೋಗ್ರಾಂ ಬರೆದವರು ಯಾವ ಲೆಕ್ಕ ಹಾಕಿದ್ದಾರೆ? ಅದು ಈಗ ನಿಮ್ಮ ಬೈಲಾದಲ್ಲಿರುವುದಕ್ಕೆ ಹೊಂದುತ್ತದೆಯೇ? ಆಭರಣ ಸಾಲದಲ್ಲಿ ಕೊಟ್ಟ ದಿನವನ್ನೂ ತೀರಿಸಿದ ದಿನವನ್ನೂ ಎರಡನ್ನೂ ಎಣಿಸುತ್ತಾರೋ, ಒಂದನ್ನೋ? ವರ್ಷಕ್ಕೆ 365ರಿಂದ ಭಾಗಿಸುವುದೋ, ಅಧಿಕ ವರ್ಷದಲ್ಲಿ 366ರಿಂದಲೋ? ಸುಸ್ತಿ ಬಡ್ಡಿ ಎಂದಿನಿಂದ? ಪಿಗ್ಮಿಯನ್ನು ಅವಧಿಗೆ ಮುನ್ನ ಮುರಿದರೆ ಏನು ಕಡಿತ? ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಕೋಡ್ ಓದಬಲ್ಲವರು ಒಬ್ಬರು, ಕೌಂಟರಿನಲ್ಲಿ ಹಳೆಯವರೊಬ್ಬರು, ಇಬ್ಬರೂ ಕೂರಲಿ. ನಡುವೆ ನಗುವಂಥವೂ ಸಿಗುತ್ತವೆ. ನಗದು ಪರದೆಯಲ್ಲಿ 1000ದ ನೋಟಿನ ಖಾನೆ ಇನ್ನೂ ಇರಬಹುದು.

ಬರೆದದ್ದು ಸರಿಯೇ ಎಂದು ತಿಳಿಯುವುದು ಹೇಗೆ? ಹಳೆಯ ಪ್ರೋಗ್ರಾಮನ್ನೇ ಸಾಕ್ಷಿ ಮಾಡಿಕೊಳ್ಳಿ. ಕಳೆದ ಮಾರ್ಚ್ 31ರ ಹಿಂದಿನ ದಿನದ ಡೇಟಾ ಪ್ರತಿ ತೆಗೆದುಕೊಳ್ಳಿ. ವರ್ಷಾಂತ್ಯದ ಬಡ್ಡಿ ಓಡಿಸಿ, ಪ್ರತಿ ಖಾತೆಗೂ ಬಂದ ಮೊತ್ತವನ್ನು ಫೈಲಿಗೆ ಇಳಿಸಿ. ಮುಂದೆ ಯಾವ ಹೊಸ ಸಾಫ್ಟ್‌ವೇರ್ ಬಂದರೂ ಅದೇ ಡೇಟಾ ಕೊಟ್ಟು ಅದೇ ಉತ್ತರ ಬರುತ್ತದೆಯೇ ನೋಡಬೇಕು. ವ್ಯತ್ಯಾಸ ಬಂದ ಪ್ರತಿ ಖಾತೆಗೂ ಕಾರಣ ಬರೆಸಬೇಕು. ಹಳೆಯದರಲ್ಲೇ ತಪ್ಪಿದ್ದರೆ? ಇರಬಹುದು. ಅದನ್ನು ಗುಟ್ಟಾಗಿ ಸರಿ ಮಾಡಬೇಡಿ. ಆಡಳಿತ ಮಂಡಳಿಯ ಮುಂದೆ ಇಟ್ಟು, ಯಾವ ದಿನದಿಂದ ಬದಲಾವಣೆ ಎಂದು ಠರಾವು ಮಾಡಿ. ಸಾಫ್ಟ್‌ವೇರ್ ಬದಲಾವಣೆ ಮತ್ತು ನಿಯಮದ ಬದಲಾವಣೆ ಒಂದೇ ದಿನ ಬೇಡ.

ಇನ್ನು ಕನ್ನಡದ ಡೇಟಾ. ನಿಮ್ಮ ಪ್ರಶ್ನೆಯಲ್ಲಿ ಇದು ಅರ್ಧ ಸಾಲಿನಲ್ಲಿ ಬಂದಿದೆ. ಕೆಲಸದಲ್ಲಿ ಇದೇ ದೊಡ್ಡದು.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಹೆಸರು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಗೀಚು. 2003ರಲ್ಲಿ ಹೀಗೆ ಮಾಡಿದವರನ್ನು ಬೈಯುವಂತಿಲ್ಲ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ 1991ರಿಂದಲೇ ಇದ್ದರೂ, ವಿಬಿ6ರ ಸಾಮಾನ್ಯ ಪಠ್ಯಪೆಟ್ಟಿಗೆಗಳಿಗೆ ಯೂನಿಕೋಡ್ ತೋರಿಸಲು ಬರುವುದಿಲ್ಲ. ಆ ಕಾಲದಲ್ಲಿ ಇದ್ದ ದಾರಿ ಅದೇ.

ಇದರಿಂದ ಒಂದು ಮುಖ್ಯ ಎಚ್ಚರಿಕೆ. ಹಳೆಯ ಪ್ರೋಗ್ರಾಂ ಓಡುತ್ತಿರುವಾಗ, ಯಾರೋ ಉತ್ಸಾಹದಿಂದ ಅದರ ಟೇಬಲ್ಲಿನಲ್ಲೇ ಹೆಸರುಗಳನ್ನು ಯೂನಿಕೋಡ್ ಮಾಡಿಬಿಡಬಾರದು. ಆಕ್ಸೆಸ್ ಯೂನಿಕೋಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಪರದೆಯಲ್ಲಿ ಹೆಸರಿನ ಜಾಗಕ್ಕೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಸಿಬ್ಬಂದಿ ಅಲ್ಲೇ ಫೋನ್ ನಂಬರ್ ತಿದ್ದಿ ಉಳಿಸಿದರೆ ಆ ಪ್ರಶ್ನಾರ್ಥಕ ಚಿಹ್ನೆಗಳೇ ಡೇಟಾಬೇಸಿಗೆ ಹೋಗಿ ಕೂರುತ್ತವೆ. ಹೆಸರು ಹೋಯಿತು. ಯೂನಿಕೋಡ್ ಹೆಸರುಗಳನ್ನು ಬೇರೆಯೇ ಒಂದು ಟೇಬಲ್ಲಿನಲ್ಲಿ, ಸದಸ್ಯತ್ವ ಸಂಖ್ಯೆಯ ಎದುರು ಇಡಿ. ಹಳೆಯ ಟೇಬಲ್ಲಿಗೆ ಹೊಸ ಕಾಲಂ ಸೇರಿಸುವುದೂ ಬೇಡ. ಕಾಲಂಗಳ ಕ್ರಮ ನಂಬಿಕೊಂಡು ಬರೆದ ಕೋಡ್ ಕುಸಿಯಬಹುದು.

ಪರಿವರ್ತನೆಗೆ ಉಚಿತ ಉಪಕರಣಗಳಿವೆ, ಅವು ಒಳ್ಳೆಯವೇ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಹಳೆಯ ಫಾಂಟಿನಲ್ಲಿ ಅಕ್ಷರದ ಚೂರುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ. 'ಕರ್ನಾಟಕ' ಬರೆದರೆ ಹಳೆಯದರಲ್ಲಿ ಮೊದಲು 'ನಾ', ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ 'ರ್' ಮೊದಲು. ಒತ್ತಕ್ಷರದ್ದೂ ಹಾಗೇ, ಹಳೆಯದರಲ್ಲಿ ಸ್ವರಚಿಹ್ನೆಯ ನಂತರ, ಹೊಸದರಲ್ಲಿ ಮೊದಲು. ಹಾಗಾಗಿ ಪರೀಕ್ಷೆಗೆ ಸರಳ ಹೆಸರು ಕೊಡಬೇಡಿ. ಪೂರ್ಣಿಮಾ, ಕೃಷ್ಣಮೂರ್ತಿ, ಜ್ಞಾನೇಶ್ವರ, ಲಕ್ಷ್ಮೀನಾರಾಯಣ, ಸಾವಿತ್ರಿ ಕೊಡಿ. ರಾಜ್‌ಕುಮಾರ್ ಕೊಡಿ. 'ಜ್' ಮತ್ತು 'ಕು' ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಅಕ್ಷರ ಇಲ್ಲದಿದ್ದರೆ ಅವರು ರಾಜ್ಕುಮಾರ್ ಆಗುತ್ತಾರೆ. ಒಬ್ಬರ ಹೆಸರಿನಲ್ಲಿ ಆ ಅಕ್ಷರ ಇದ್ದು, ನೀವು ಹುಡುಕುವಾಗ ಹಾಕದಿದ್ದರೆ ಹುಡುಕಾಟದಲ್ಲಿ ಸಿಗುವುದೂ ಇಲ್ಲ. 'ಗೋಪಾಲ'ದ 'ಗೋ'ವನ್ನು ಯೂನಿಕೋಡಿನಲ್ಲೇ ಒಂದಕ್ಕಿಂತ ಹೆಚ್ಚು ರೀತಿ ಕೂಡಿಸಬಹುದು. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಎಂಬ ಕ್ರಮ ಇದೆ. ಅದನ್ನು ಮಾಡಿಸಿ.

ಇದಕ್ಕಿಂತ ತಲೆನೋವು, ಒಂದೇ ಕಾಲಂನಲ್ಲಿ ಕೆಲವು ಹೆಸರು ನುಡಿಯಲ್ಲಿ, ಕೆಲವು ಇಂಗ್ಲಿಷಿನಲ್ಲಿ ಇರುವುದು. ಯಾವುದು ಯಾವ ಫಾಂಟಿನದು ಎಂಬ ಗುರುತು ಡೇಟಾಬೇಸಿನಲ್ಲಿ ಇರುವುದಿಲ್ಲ. ಇಂಗ್ಲಿಷ್ ಹೆಸರನ್ನು ಪರಿವರ್ತಕಕ್ಕೆ ಕೊಟ್ಟರೆ ಅದು ಕನ್ನಡದ ಗೀಚಾಗಿ ಹೊರಬರುತ್ತದೆ. ಐರೋಪ್ಯ ಅಕ್ಷರಗಳು ಇವೆಯೇ ಎಂದು ನೋಡಿ ಬೇರ್ಪಡಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಉಳಿದವನ್ನು ಮನುಷ್ಯರೇ ನೋಡಬೇಕು. ಸಂಘದಲ್ಲಿ ಸದಸ್ಯರನ್ನೆಲ್ಲ ಮುಖ ಕಂಡು ಗುರುತಿಸುವ ಹಿರಿಯ ಗುಮಾಸ್ತರು ಇದ್ದೇ ಇರುತ್ತಾರಲ್ಲ, ಆ ಪಟ್ಟಿ ಅವರ ಕೈಗೆ ಕೊಡಿ. ಹೊಸ ಡೇಟಾಬೇಸಿನಲ್ಲಿ ಹೆಸರಿನ ಕಾಲಂ ಅಗಲ ಹೆಚ್ಚಿಸುವುದನ್ನೂ ಮರೆಯಬೇಡಿ. ಯೂನಿಕೋಡನ್ನು ಉಳಿಸಿಡುವ ಯುಟಿಎಫ್-8 ಎಂಬ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 40 ಬೈಟಿನ ಕಾಲಂ ಆದರೆ 13 ಸಂಕೇತಕ್ಕೇ ತುಂಬುತ್ತದೆ, 'ಲಕ್ಷ್ಮೀನಾರಾಯಣ' ಎಂಬ ಒಂದೇ ಹೆಸರಿಗೆ ಹೆಚ್ಚುಕಡಿಮೆ ಮುಗಿಯಿತು. ಇಷ್ಟೆಲ್ಲ ಪಟ್ಟದ್ದಕ್ಕೆ ಫಲ ಬೇಗ ಕಾಣುತ್ತದೆ. ಸದಸ್ಯರ ಪಟ್ಟಿ ಮೊದಲ ಸಲ ಅಕಾರಾದಿಯಲ್ಲಿ ಬರುತ್ತದೆ, ಕನ್ನಡದಲ್ಲೇ ಎಸ್‌ಎಂಎಸ್ ಕಳಿಸಬಹುದು.

ಇಷ್ಟಾದ ಮೇಲೆ ಬದಲಾವಣೆ. ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಹೊಸದಕ್ಕೆ ಸಾಗಿಸುವುದು ದೊಡ್ಡವರಿಗೂ ಕಷ್ಟ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ತನ್ನ 52 ಲಕ್ಷ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ಒಮ್ಮೆಗೇ ದಾಟಿಸಿತು. 19 ಲಕ್ಷ ಜನ ತಮ್ಮ ಖಾತೆಗೇ ಹೋಗಲಾಗದೆ ನಿಂತರು. ಕೆಲವರಿಗೆ ಬೇರೆಯವರ ಖಾತೆ ಕಂಡಿತು. 2022ರ ಡಿಸೆಂಬರಿನಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಡೇಟಾ ಸರಿಯಾಗಿಯೇ ದಾಟಿತ್ತು, ಹೊಸ ವ್ಯವಸ್ಥೆಯೇ ಕೈಕೊಟ್ಟಿತು.

ನಾನು ಹೇಳುವುದು ನಿಧಾನದ ದಾರಿ. ತಾಳೆ ಮರದ ತಲೆಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಆಲ ಮೊಳೆತು, ಬೇರು ಇಳಿಸಿ, ವರ್ಷಗಳಲ್ಲಿ ತಾಳೆಯನ್ನು ಸುತ್ತಿಕೊಳ್ಳುವುದನ್ನು ನೋಡಿದ್ದೀರಿ. ಮಾರ್ಟಿನ್ ಫೌಲರ್ ಎಂಬ ತಂತ್ರಜ್ಞರು ಆಸ್ಟ್ರೇಲಿಯಾದ ಕಾಡಿನಲ್ಲಿ ಇಂಥದ್ದೇ ಮರ ನೋಡಿ, 2004ರಲ್ಲಿ ಹಳೆಯ ಸಾಫ್ಟ್‌ವೇರ್ ಬದಲಾಯಿಸುವ ವಿಧಾನಕ್ಕೆ ಅದರ ಹೆಸರನ್ನೇ ಇಟ್ಟರು. ಹಳೆಯದು ನಿಂತೇ ಇರುತ್ತದೆ, ಒಂದೊಂದೇ ಕೆಲಸವನ್ನು ಹೊಸದು ವಹಿಸಿಕೊಳ್ಳುತ್ತದೆ.

ನಿಮ್ಮಲ್ಲಿ ಮೊದಲು ವರದಿಗಳು ಹೋಗಲಿ. ಪ್ರತಿ ರಾತ್ರಿ ಆಕ್ಸೆಸ್ ಡೇಟಾವನ್ನು ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸಿಗೆ ಅಥವಾ ಎಸ್‌ಕ್ಯೂಎಲ್ ಸರ್ವರಿನ ಉಚಿತ ಆವೃತ್ತಿಗೆ ನಕಲು ಮಾಡಿ, ಸುಸ್ತಿದಾರರ ಪಟ್ಟಿ, ತಾಳೆಪಟ್ಟಿ, ಮಹಾಸಭೆಯ ಪಟ್ಟಿ ಅಲ್ಲಿಂದ ತೆಗೆಯಿರಿ. ಇಲ್ಲಿ ಬರೀ ಓದುವುದು, ಬರೆಯುವುದಿಲ್ಲ. ತಪ್ಪಾದರೂ ಲೆಕ್ಕ ಕೆಡುವುದಿಲ್ಲ. ನಿರ್ದೇಶಕರ ಮಗನಿಗೆ ಈ ಕೆಲಸ ಕೊಡಿ. ಆತನ ಕೈಯೂ ಪಳಗುತ್ತದೆ, ನಿಮಗೂ ಆತ ಹೇಗೆ ಅಂತ ತಿಳಿಯುತ್ತದೆ. ನಂತರ ಪಿಗ್ಮಿ, ಅದು ಸ್ವಲ್ಪ ಪ್ರತ್ಯೇಕವಾಗಿ ನಿಲ್ಲುವ ವಿಭಾಗ. ಆಮೇಲೆ ಠೇವಣಿ, ಸಾಲ. ಷೇರು ಮತ್ತು ಮುಖ್ಯ ಲೆಡ್ಜರ್ ಕೊನೆಗೆ. ಒಂದು ನಿಯಮ ಮಾತ್ರ ಮುರಿಯಬೇಡಿ. ಯಾವ ಖಾತೆಗೆ ಯಾವ ಪ್ರೋಗ್ರಾಂ ಬರೆಯುತ್ತದೆ ಎಂಬುದು ಆ ದಿನ ಒಂದೇ ಇರಬೇಕು. ಒಂದೇ ಠೇವಣಿಯನ್ನು ಹಳೆಯದೂ ಹೊಸದೂ ಎರಡೂ ತಿದ್ದಬಲ್ಲವು ಎಂದಾದರೆ ವಾರದೊಳಗೆ ಎರಡು ಸತ್ಯ ಹುಟ್ಟುತ್ತವೆ.

ರೆಡಿಮೇಡ್ ಕೊಳ್ಳುವುದಾದರೂ ಅಡ್ಡಿಯಿಲ್ಲ. ನಿಜ ಹೇಳಬೇಕೆಂದರೆ, ನಿಮ್ಮ ಗಾತ್ರದ ಸಂಘಕ್ಕೆ ಕೊನೆಗೆ ಅದೇ ಸರಿಹೋಗಬಹುದು. ಒಬ್ಬ ಹುಡುಗನ ಮೇಲೆ ನಿಂತ ಸಾಫ್ಟ್‌ವೇರಿನಿಂದ ತಪ್ಪಿಸಿಕೊಳ್ಳಲು ಇನ್ನೊಬ್ಬ ಹುಡುಗನ ಮೇಲೆ ನಿಂತದ್ದನ್ನು ಹಿಡಿಯುವುದೇಕೆ? ಕೃಷಿ ಪತ್ತಿನ ಸಂಘಗಳಾದರೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿದ, 63,000 ಸಂಘಗಳನ್ನು ಸಾಮಾನ್ಯ ಸಾಫ್ಟ್‌ವೇರಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆ ಇದೆ. ನಿಮ್ಮದು ಆ ಬಗೆಯ ಸಂಘ ಅಲ್ಲವಾದ್ದರಿಂದ ಮಾರುಕಟ್ಟೆಯಲ್ಲೇ ನೋಡಬೇಕು.

ಮಾರುವವರು ಡೆಮೊ ತೋರಿಸಲು ಬಂದಾಗ ಅವರ ಮಾದರಿ ಡೇಟಾ ನೋಡಬೇಡಿ. ನಿಮ್ಮ ಮಾರ್ಚ್ ತಿಂಗಳ ಡೇಟಾವನ್ನು, ಹೆಸರು, ಆಧಾರ್ ಸಂಖ್ಯೆ ಅಳಿಸಿ ಕೊಟ್ಟು, ಬಡ್ಡಿ ಓಡಿಸಿ ತೋರಿಸಿ ಅನ್ನಿ. ಆ ನಿಯಮಗಳ ನೋಟ್‌ಬುಕ್ ಈಗ ಕೆಲಸಕ್ಕೆ ಬರುತ್ತದೆ. ಒಪ್ಪಂದದಲ್ಲಿ ಒಂದು ಸಾಲು ಇರಲೇಬೇಕು: ಸಂಘ ಕೇಳಿದಾಗ ಪೂರ್ತಿ ಡೇಟಾವನ್ನು, ಯಾವ ಕಾಲಂ ಏನು ಎಂಬ ವಿವರಣೆ ಸಮೇತ, ಹೆಚ್ಚಿನ ಹಣ ಕೇಳದೆ ಕೊಡಬೇಕು. ಕೊಡುತ್ತೇವೆ ಎಂಬ ಬಾಯಿಮಾತು ಬೇಡ. ವರ್ಷಕ್ಕೊಮ್ಮೆ ನಿಜವಾಗಿ ತೆಗೆದುಕೊಳ್ಳಿ. ಕ್ಲೌಡ್ ಅಂದರೆ ನಿಶ್ಚಿಂತೆ ಎಂದೂ ತಿಳಿಯಬೇಡಿ. 2024ರ ಜುಲೈ ಕೊನೆಯಲ್ಲಿ ನಮ್ಮ ದೇಶದ ಸಣ್ಣ ಬ್ಯಾಂಕುಗಳಿಗೆ ಸೇವೆ ಕೊಡುವ ಒಂದು ಕಂಪನಿಯ ಮೇಲೆ ಡೇಟಾಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾದಾಗ ಸುಮಾರು 300 ಬ್ಯಾಂಕುಗಳ ಪಾವತಿ ಸೇವೆಗೆ ತಡೆಯಾಯಿತು. ಅಂಥ ದಿನ ಕೌಂಟರಿಗೆ ಬಂದವರಿಗೆ ಅವರ ಬಾಕಿ ಎಷ್ಟೆಂದು ಹೇಳಲು ನಿಮ್ಮಲ್ಲಿ ನಿನ್ನೆ ರಾತ್ರಿಯ ಒಂದು ಪಟ್ಟಿ ಇರಬೇಕು.

ಸಿಬ್ಬಂದಿ "ಹಳೆಯದೇ ಚೆನ್ನಾಗಿದೆ" ಅನ್ನುವುದನ್ನು ಸೋಮಾರಿತನ ಎಂದು ತಳ್ಳಬೇಡಿ. ಹಳೆಯ ಪರದೆಯಲ್ಲಿ ಎಂಟರ್ ಒತ್ತುತ್ತ ಹೋದರೆ ವೋಚರ್ ಮುಗಿಯುತ್ತದೆ. ಕಣ್ಣು ಕಾಗದದ ಮೇಲೆ, ಕೈ ಕೀಲಿಮಣೆಯ ಮೇಲೆ. ಎಷ್ಟೋ ಹೊಸ ವೆಬ್ ಪರದೆಗಳಲ್ಲಿ ಪ್ರತಿ ಖಾನೆಗೂ ಮೌಸ್ ಹಿಡಿಯಬೇಕು. ಸಂತೆಯ ದಿನ ಕೌಂಟರಿನ ಮುಂದೆ ಸಾಲು ನಿಂತಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಖರೀದಿಗೆ ಮುನ್ನ ನಿಮ್ಮ ಕ್ಯಾಷಿಯರನ್ನೇ ಕೂರಿಸಿ, ಒಂದು ದಿನದ ವೋಚರುಗಳನ್ನು ಹೊಸದರಲ್ಲಿ ಹಾಕಿಸಿ. ಪಾಸ್‌ಬುಕ್ ಪ್ರಿಂಟರ್ ಸಾಲು ತಪ್ಪದೆ ಹೊಡೆಯುತ್ತದೆಯೇ ಎಂಬುದನ್ನೂ ಆಗಲೇ ನೋಡಿ. ಈ ಸಣ್ಣ ವಿಷಯಕ್ಕೆ ಸದಸ್ಯರು ಬೈಯುವಷ್ಟು ಇನ್ಯಾವುದಕ್ಕೂ ಬೈಯುವುದಿಲ್ಲ.

ಪ್ರತಿ ವಿಭಾಗ ದಾಟಿಸುವಾಗ ಕನಿಷ್ಠ ಮೂರು ತಿಂಗಳು ಎರಡನ್ನೂ ಜೊತೆಗೆ ನಡೆಸಿ. ಆಗಲೂ ಅಸಲು ಲೆಕ್ಕ ಯಾವುದರದ್ದು ಎಂಬುದು ಮೊದಲೇ ನಿಗದಿಯಾಗಿರಲಿ. ಇನ್ನೊಂದರಲ್ಲಿ ಅದೇ ವೋಚರನ್ನು ಮತ್ತೆ ಹಾಕುವುದು ತಾಳೆ ನೋಡಲು ಮಾತ್ರ. ಸಿಬ್ಬಂದಿಗೆ ಕೆಲಸ ಇಮ್ಮಡಿಯಾಗುತ್ತದೆ, ಅದಕ್ಕೆ ಭತ್ಯೆ ಕೊಡಿ ಅಥವಾ ಒಬ್ಬರನ್ನು ಹೆಚ್ಚಿಗೆ ನೇಮಿಸಿ. ಆ ಅವಧಿಯಲ್ಲಿ ಒಮ್ಮೆಯಾದರೂ ಬಡ್ಡಿ ಜಮಾ ಆಗುವ ದಿನ ಬರಬೇಕು, ಇಲ್ಲದಿದ್ದರೆ ಪರೀಕ್ಷೆ ಪೂರ್ತಿಯಾಗಲಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಬದಲಾವಣೆಗೆ ಕೈ ಹಾಕಬೇಡಿ. ಹೊಸ ಆರ್ಥಿಕ ವರ್ಷಕ್ಕೆ ಹೊಸ ಸಾಫ್ಟ್‌ವೇರ್ ಎಂಬ ಆಸೆ ಎಲ್ಲ ಆಡಳಿತ ಮಂಡಳಿಗೂ ಇರುತ್ತದೆ. ಆದರೆ ಆಗ ಲೆಕ್ಕ ಮುಗಿಸುವವರೂ, ಪರಿಶೋಧನೆಗೆ ಕಾಗದ ಹೊಂದಿಸುವವರೂ ಅದೇ ನಾಲ್ಕು ಜನ. ಅಡಿಕೆ ಕೊಯ್ಲಿನ ಕಾಲವೂ ಬೇಡ, ನಿಮ್ಮ ಕಡೆ ವಹಿವಾಟು ಏರುವುದು ಆಗಲೇ. ಮಳೆಗಾಲದ ನಡುವೆ ಕೌಂಟರ್ ಸ್ವಲ್ಪ ಖಾಲಿ ಇರುತ್ತದೆ. ಯುಪಿಎಸ್ ಬ್ಯಾಟರಿ ಹೊಸದು ಹಾಕಿಸಿಕೊಂಡು ಆಗ ಮಾಡಿ.

ಎಲ್ಲ ಮುಗಿದ ಮೇಲೂ ಆ ವರ್ಚುವಲ್ ಯಂತ್ರದ ಫೈಲನ್ನು ಅಳಿಸಬೇಡಿ. ಹತ್ತು ವರ್ಷ ಹಿಂದಿನ ಖಾತೆಯ ತಕರಾರು ಬಂದರೆ ತೆರೆದು ನೋಡಲು ಬೇಕಾಗುತ್ತದೆ. ಹಳೆಯ ಕಂಪ್ಯೂಟರನ್ನು ಮಾತ್ರ ಹಾಗೇ ಗುಜರಿಗೆ ಕೊಡಬೇಡಿ. ಆಕ್ಸೆಸ್ ಫೈಲಿನ ಪಾಸ್‌ವರ್ಡ್ ಮುರಿಯುವುದು ಮಕ್ಕಳಾಟ, ಒಳಗೆ ಸದಸ್ಯರ ಆಧಾರ್ ಸಂಖ್ಯೆಯಿಂದ ಹಿಡಿದು ಅಡವಿಟ್ಟ ಚಿನ್ನದ ತೂಕದವರೆಗೆ ಎಲ್ಲ ಇದೆ. ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದು, ಡ್ರಿಲ್ ಹಾಕಿಸಿ, ಅದನ್ನೂ ಠರಾವು ಪುಸ್ತಕದಲ್ಲಿ ಬರೆದಿಡಿ.